ಮಳೆಗಾಲ ಗೊತ್ತಿಲ್ಲದ ಸಾಫ್ಟ್‌ವೇರ್

ತೇವಪ್ಪ ಬಿನ್ ಮಳೆಯಪ್ಪ. ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಅಡಿಕೆ ಸೊಸೈಟಿಯ ಸದಸ್ಯರ ಪಟ್ಟಿಯಲ್ಲಿ ಈ ಹೆಸರು ಕಂಡಾಗ ನನಗೆ ನಗು ಬರಲಿಲ್ಲ, ಅನುಮಾನ ಬಂತು. ಸರ್ವೆ ನಂಬರ್ ಇಲ್ಲ. ಫೋನ್ ನಂಬರ್ ಜಾಗದಲ್ಲಿ ಹತ್ತು ಸೊನ್ನೆ. ಆದರೆ ವಹಿವಾಟು ಹೆಚ್ಚುಕಡಿಮೆ ದಿನಾ ಇದೆ. ಬೇಸಿಗೆಯಲ್ಲಿ ಬೇರೆಯವರ ಲಾಟಿನಿಂದ, ಅಂದರೆ ಅವರು ತಂದಿಟ್ಟ ಅಡಿಕೆಯಿಂದ, ಎರಡು ಕೆಜಿ, ಮೂರು ಕೆಜಿ ಅಡಿಕೆ ಇವನ ಖಾತೆಗೆ ಬರುತ್ತದೆ. ಮಳೆಗಾಲದಲ್ಲಿ ಇವನ ಖಾತೆಯಿಂದ ಬೇರೆಯವರ ಲಾಟಿಗೆ ಹೋಗುತ್ತದೆ. ಇಷ್ಟಾದರೂ ಪುಣ್ಯಾತ್ಮ ಒಂದು ರೂಪಾಯಿ ಎತ್ತಿಲ್ಲ.

ಆ ಸೊಸೈಟಿಗೆ ಸಾಫ್ಟ್‌ವೇರ್ ಬರೆದುಕೊಟ್ಟವರಲ್ಲಿ ನಾನೂ ಒಬ್ಬ. ಡೇಟಾ ಎಲ್ಲವನ್ನೂ ಹೊಸ ಸರ್ವರ್‌ಗೆ ಸಾಗಿಸುವಾಗ ಈ ತೇವಪ್ಪ ಕಣ್ಣಿಗೆ ಬಿದ್ದ. ಯಾರದೋ ಕಳ್ಳಲೆಕ್ಕ ಹಿಡಿದೆ ಅಂದುಕೊಂಡು ಬೈಕ್ ಹತ್ತಿ ಹೋದೆ. ಅಲ್ಲಿನ ಗುಮಾಸ್ತರು ಕಂಪ್ಯೂಟರ್ ಬರುವ ಮೊದಲಿನಿಂದ ಮಾರಾಟದ ಪಟ್ಟಿ (ಬಿಲ್ಲು) ಬರೆದ ಕೈ. ಬಾಯಲ್ಲಿದ್ದ ಎಲೆಯಡಿಕೆಯ ಕವಳ ಒಂದು ಕೆನ್ನೆಗೆ ಸರಿಸಿ ಹೇಳಿದರು: "ಎಂತ ಮಾಡದು ಮಾರಾಯ್ರೆ, ನಿಮ್ಮ ಕಂಪ್ಯೂಟರಿಗೆ ಮಳೆಗಾಲ ಗೊತ್ತಿಲ್ವಲ್ಲ."

ವಿಷಯ ಇಷ್ಟು. ಬೆಳೆಗಾರರು ಅಡಿಕೆ ತಂದು ಸೊಸೈಟಿಯಲ್ಲಿ ಇಡುತ್ತಾರೆ. ಕೈಗೆ ಸ್ವಲ್ಪ ಮುಂಗಡ ತೆಗೆದುಕೊಂಡು ದರ ಏರಲಿ ಅಂತ ಕಾಯುತ್ತಾರೆ. ತಿಂಗಳುಗಟ್ಟಲೆ ಚೀಲದಲ್ಲೇ ಇರುವ ಅಡಿಕೆ ಬೇಸಿಗೆಯಲ್ಲಿ ಒಣಗಿ ತೂಕ ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತೇವ ಎಳೆದುಕೊಂಡು ತೂಕ ಏರುತ್ತದೆ. ಮಲೆನಾಡಿನ ಮಗುವಿಗೂ ಗೊತ್ತಿರುವ ಸಂಗತಿ. ನಮ್ಮ ಸಾಫ್ಟ್‌ವೇರ್‌ಗೆ ಮಾತ್ರ ಗೊತ್ತಿರಲಿಲ್ಲ. ಆಗಸ್ಟ್‌ನಲ್ಲಿ ಮಾರುವಾಗ ಲಾಟು ಮೂರು ಕೆಜಿ ಜಾಸ್ತಿ ತೂಗಿದರೆ ಪರದೆ ಮೇಲೆ ಕೆಂಪು ಅಕ್ಷರ ಬರುತ್ತಿತ್ತು: "ದಾಸ್ತಾನಿಗಿಂತ ಹೆಚ್ಚು ಮಾರಾಟ ಸಾಧ್ಯವಿಲ್ಲ." ಪಟ್ಟಿ ಪ್ರಿಂಟ್ ಆಗದು. ಬೆಳೆಗಾರರಿಗೋ ಸಂಜೆಯ ಕೊನೆ ಬಸ್ಸು ಹಿಡಿಯಬೇಕು. ಏಪ್ರಿಲ್‌ನಲ್ಲಿ ಮಾರಿದರೆ ಇನ್ನೊಂದು ರಗಳೆ. ಒಣಗಿ ಹೋದ ಎರಡು ಕೆಜಿ ಲೆಕ್ಕದಲ್ಲಿ ಉಳಿದುಬಿಡುತ್ತಿತ್ತು, ಲಾಟು ಮುಚ್ಚುತ್ತಿರಲಿಲ್ಲ. ಅದಕ್ಕೇ ಗುಮಾಸ್ತರು ತೇವಪ್ಪನನ್ನು ಸೃಷ್ಟಿಸಿದ್ದರು. ಬೇಸಿಗೆಯಲ್ಲಿ ಪಡೆದು ಮಳೆಗಾಲದಲ್ಲಿ ಕೊಡುವ ಬೆಳೆಗಾರ. ಅಪ್ಪನ ಹೆಸರು ಹಾಕದೆ ಫಾರಂ ಮುಂದೆ ಹೋಗುತ್ತಿರಲಿಲ್ಲವಾದ್ದರಿಂದ ಮಳೆಯಪ್ಪನೂ ಹುಟ್ಟಿದ.

ಸಾಫ್ಟ್‌ವೇರ್ ಕೆಡುವುದು ಎರಡು ರೀತಿ. ಹೇಳಿದ್ದನ್ನು ಮಾಡದೇ ಇರುವುದು ಒಂದು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿಯೂ ಕೆಲಸಕ್ಕೆ ಬಾರದೇ ಹೋಗುವುದು ಇನ್ನೊಂದು. ನಮ್ಮದು ಎರಡನೆಯದು. ಬೆಂಗಳೂರಿನಲ್ಲಿ ಕೂತು ಬರೆದ ದಾಖಲೆಯಲ್ಲಿ "ಮಾರಾಟ ದಾಸ್ತಾನನ್ನು ಮೀರಬಾರದು" ಎಂಬ ಸಾಲಿತ್ತು. ಟೆಸ್ಟಿಂಗ್ ಮಾಡುವವರು ಒಂದು ಕೆಜಿ ಜಾಸ್ತಿ ಹಾಕಿ ನೋಡಿದ್ದರು. ಸಾಫ್ಟ್‌ವೇರ್ ತಡೆದಿತ್ತು. ಪಾಸ್ ಅಂತ ಟಿಕ್ ಬಿದ್ದಿತ್ತು. ಯಾವುದು ತಪ್ಪೋ ಅದನ್ನೇ ಸರಿ ಅಂತ ಪರೀಕ್ಷೆ ಮಾಡಿ, ಸಹಿ ಹಾಕಿ ಕಳಿಸಿದ್ದೆವು.

ಗುಣಮಟ್ಟ ಅಂದ ಕೂಡಲೇ ಕಂಪನಿಗಳು ಟೆಸ್ಟಿಂಗ್‌ಗೆ ಇನ್ನೂ ನಾಲ್ಕು ಜನರನ್ನು ಹಾಕುತ್ತವೆ. ಅದು ಎಷ್ಟು ದೂರ ಸಾಗುತ್ತದೆ ಅನ್ನುವುದು ಅಡಿಕೆಯವರಿಗೆ ಚೆನ್ನಾಗಿ ಗೊತ್ತು. ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆವಾರು ಆರಿಸುವ ಕೈ ಎಷ್ಟೇ ಚುರುಕಾಗಿರಲಿ, ಕೆಳದರ್ಜೆಯ ಗೊರಬಲನ್ನು ಮೇಲ್ದರ್ಜೆಯ ಹಸ ಮಾಡಲಾರದು. ಮರದಿಂದ ಕೊನೆ (ಗೊನೆ) ಇಳಿಸಿದ ದಿನ, ಬೇಯಿಸಿದ ಹದ, ಸಿಕ್ಕ ಬಿಸಿಲು, ಅಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿಹೋಗಿರುತ್ತದೆ. ಆರಿಸುವುದು ಬೇಡ ಅಂತಲ್ಲ. ಆರಿಸದ ಅಡಿಕೆಯನ್ನು ಯಾರು ಕೊಳ್ಳುತ್ತಾರೆ? ಆದರೆ ಅಲ್ಲಿ ಗೊತ್ತಾಗುವುದು ಗುಣ, ಹುಟ್ಟುವುದಲ್ಲ.

ಇದು ಹೊಸ ಜ್ಞಾನವೇನೂ ಅಲ್ಲ. 1968ರಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ನ್ಯಾಟೋ ಕರೆದ ಸಮ್ಮೇಳನದಲ್ಲೇ ಸಾಫ್ಟ್‌ವೇರ್‌ನ ಬಿಕ್ಕಟ್ಟಿನ ಮಾತು ಬಂದಿತ್ತು. ಯೋಜನೆಗಳು ತಡವಾಗುತ್ತಿವೆ, ಬಜೆಟ್ ಮೀರುತ್ತಿವೆ, ಕೊನೆಗೆ ಬಂದದ್ದು ಯಾರಿಗೂ ಬೇಕಾದಂತೆ ಇಲ್ಲ. ಇವತ್ತು ಯಾವ ಆಫೀಸಿನಲ್ಲಿ ಕೇಳಿದರೂ ಇದೇ ದೂರು.

1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಅಮೆರಿಕದ ಸಾಫ್ಟ್‌ವೇರ್ ತಜ್ಞ ಒಂದು ಪ್ರಬಂಧ ಬರೆದ. ಮೊದಲು ಅಗತ್ಯಗಳ ಪಟ್ಟಿ, ಆಮೇಲೆ ವಿನ್ಯಾಸ, ಆಮೇಲೆ ಕೋಡ್, ಕೊನೆಗೆ ಟೆಸ್ಟಿಂಗ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಚಿತ್ರ ಅದರಲ್ಲಿತ್ತು. ಮುಂದೆ ಲೋಕ ಅದನ್ನು ವಾಟರ್‌ಫಾಲ್, ಅಂದರೆ ಜಲಪಾತ, ಅಂತ ಕರೆಯಿತು. ತಮಾಷೆ ಏನೆಂದರೆ, ಚಿತ್ರ ಬರೆದ ರಾಯ್ಸ್ ಅದರ ಬೆನ್ನಿಗೇ ಹೀಗೆ ಮಾಡಿದರೆ ಅಪಾಯ, ಸೋಲನ್ನು ಕರೆದಂತೆ ಎಂಬರ್ಥದ ಮಾತು ಹೇಳಿದ್ದ. ಸರಿಪಡಿಸಲು ಐದು ದಾರಿಯನ್ನೂ ಕೊಟ್ಟಿದ್ದ. ಅವುಗಳಲ್ಲಿ ಕೊನೆಯದು, ಗ್ರಾಹಕರನ್ನು ಜೊತೆಗೆ ಸೇರಿಸಿಕೊಳ್ಳಿ ಎಂಬುದು. ಜನ ಚಿತ್ರ ನೋಡಿದರು, ಮುಂದಿನ ಪುಟ ತಿರುಗಿಸಲಿಲ್ಲ. ಜೋಗದಲ್ಲಿ ಬಿದ್ದ ನೀರು ವಾಪಸ್ ಹತ್ತುವುದಿಲ್ಲ ಅನ್ನುವುದು ನಮಗೆಲ್ಲ ಗೊತ್ತು. ಟೆಸ್ಟಿಂಗ್‌ನಲ್ಲಿ ಮೂಲದ್ದೇ ತಪ್ಪು ಕಂಡರೆ ಮೇಲಕ್ಕೆ ಹೋಗುವ ದಾರಿಯೇ ಇಲ್ಲದಂತೆ ಕೆಲಸ ಕಟ್ಟಿಕೊಂಡರೆ ಅದೇ ಆಗುವುದು.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಜನ ಸಾಫ್ಟ್‌ವೇರ್‌ನವರು ಸೇರಿ ಅಜೈಲ್ (ಚುರುಕು) ಪ್ರಣಾಳಿಕೆ ಬರೆದರು. ಕರಾರಿನ ಜಗ್ಗಾಟಕ್ಕಿಂತ ಗ್ರಾಹಕರ ಜೊತೆ ಕೂಡಿ ಕೆಲಸ ಮಾಡುವುದು ಮುಖ್ಯ ಅಂತ ಅದರಲ್ಲಿ ನೇರವಾಗಿಯೇ ಇದೆ. ಸ್ವಲ್ಪ ಸ್ವಲ್ಪ ಮಾಡು, ಬೇಗ ತೋರಿಸು, ಬೈಸಿಕೋ, ತಿದ್ದು. ನಮ್ಮಲ್ಲಿಗೆ ಬರುವಷ್ಟರಲ್ಲಿ ಇದರ ಗತಿ ಏನಾಯಿತು ನೋಡಿ. ಬೆಳಿಗ್ಗೆ ನಿಂತುಕೊಂಡು ಮಾಡುವ ಮೀಟಿಂಗ್ ಬಂತು. ಕೆಲಸವನ್ನು ಎರಡೆರಡು ವಾರದ ಕಂತು ಮಾಡುವ ಸ್ಪ್ರಿಂಟ್ ಬಂತು. ಬಣ್ಣ ಬಣ್ಣದ ಬೋರ್ಡು ಬಂತು. ಗ್ರಾಹಕ ಮಾತ್ರ ಬರಲಿಲ್ಲ. ನಾನು ಹೋದ ಎರಡು ಕಂಪನಿಯಲ್ಲೂ ಮಂಟಪ, ತೋರಣ, ಮಂಗಳಾರತಿ ಎಲ್ಲ ಇತ್ತು. ಗರ್ಭಗುಡಿಯಲ್ಲಿ ದೇವರು ಇರಲಿಲ್ಲ.

ಯಾಕೆ ಹೀಗೆ? ಬಳಸುವವರಿಂದ ಬರೆಯುವವರ ತನಕ ಇರುವ ದಾರಿ ಉದ್ದ. ಗುಮಾಸ್ತರು ಹೇಳಿದ್ದು ಸೊಸೈಟಿಯ ಮ್ಯಾನೇಜರ್‌ಗೆ, ಅವರು ಹೇಳಿದ್ದು ನಮ್ಮ ಡೀಲರ್‌ಗೆ, ಡೀಲರ್ ಹೇಳಿದ್ದು ಸೇಲ್ಸ್‌ನವರಿಗೆ, ಸೇಲ್ಸ್‌ನವರು ಒಂದು ಟಿಕೆಟ್ (ಕಂಪ್ಯೂಟರಿನಲ್ಲಿ ದಾಖಲಿಸುವ ದೂರು) ಹಾಕಿದ್ದು, ಆ ಟಿಕೆಟ್ ನನ್ನ ಕಣ್ಣಿಗೆ ಬಿದ್ದದ್ದು. ಆಮೇಲೆ ಹುಡುಕಿ ತೆಗೆದೆ. ಮೊದಲ ಮಳೆಗಾಲದಲ್ಲೇ ಗುಮಾಸ್ತರು ಫೋನ್ ಮಾಡಿದ್ದರು. ಟಿಕೆಟ್‌ನಲ್ಲಿ ಇದ್ದದ್ದು "ಸ್ಟಾಕ್ ಎರರ್ ಬರುತ್ತಿದೆ" ಎಂಬ ಒಂದೇ ಸಾಲು. ಮಳೆ, ತೇವ, ತೂಕ ಎಲ್ಲವೂ ದಾರಿಯಲ್ಲಿ ಸೋರಿ ಹೋಗಿತ್ತು. ನಮ್ಮ ತಂಡದ ಉತ್ತರವೂ ಒಂದೇ ಸಾಲು: ವರ್ಕಿಂಗ್ ಆಸ್ ಡಿಸೈನ್ಡ್. ಅಂದರೆ ನಾವು ಹೇಗೆ ಮಾಡಿದ್ದೇವೋ ಹಾಗೇ ಇದೆ, ನಿಮ್ಮದೇ ಏನೋ ತಪ್ಪಿರಬೇಕು ಅಂತ. ಆ ಉತ್ತರ ಬರೆದವನು ನಾನೇ ಅನ್ನುವುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅದನ್ನು ಓದಿದಾಗ ನನಗೆ ನೆನಪಾಗಿದ್ದು ಬ್ರಿಟನ್ನಿನ ಅಂಚೆ ಇಲಾಖೆಯ ಕತೆ. ಅಲ್ಲಿನ ಪೋಸ್ಟ್ ಆಫೀಸುಗಳಿಗೆ 1999ರ ಹೊತ್ತಿಗೆ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಫುಜಿತ್ಸು ಕಂಪನಿ ನಡೆಸುತ್ತಿದ್ದದ್ದು. ಸಣ್ಣ ಊರುಗಳಲ್ಲಿ ಅಂಗಡಿ ಜೊತೆಗೆ ಅಂಚೆ ಕೆಲಸ ನೋಡಿಕೊಳ್ಳುವ ಸಬ್‌ಪೋಸ್ಟ್‌ಮಾಸ್ಟರ್‌ಗಳ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಸಾವಿರಾರು ಪೌಂಡ್ ಕಡಿಮೆ ಕಾಣತೊಡಗಿತು. ಸಹಾಯವಾಣಿಗೆ ಫೋನ್ ಮಾಡಿದವರಿಗೆ, ಈ ತೊಂದರೆ ನಿಮಗೊಬ್ಬರಿಗೇ ಬಂದಿರುವುದು ಎಂಬ ಉತ್ತರ. ಎಷ್ಟೋ ಜನ ಸ್ವಂತ ದುಡ್ಡು ತುಂಬಿದರು. ಕೆಲವರು ಜೈಲಿಗೆ ಹೋದರು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಸಾಫ್ಟ್‌ವೇರ್‌ನಲ್ಲೇ ದೋಷ ಇತ್ತು ಅಂತ ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರ್‌ನಲ್ಲಿ. ಅಂಥ ನೂರಾರು ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬಂದದ್ದು 2024ರ ಮೇ ತಿಂಗಳಲ್ಲಿ.

ಆ ಸಾಫ್ಟ್‌ವೇರ್‌ನ ದೋಷ ಒಂದು ಕಡೆ ಇರಲಿ. ದೋಷ ಇಲ್ಲದ ಸಾಫ್ಟ್‌ವೇರ್ ಎಲ್ಲಿದೆ? ಅಲ್ಲಿ ಕೆಟ್ಟಿದ್ದು ಕಿವಿ. ಕಂಪ್ಯೂಟರ್ ಒಂದು ಹೇಳಿ ಮನುಷ್ಯ ಇನ್ನೊಂದು ಹೇಳಿದಾಗ ಕಂಪ್ಯೂಟರನ್ನೇ ನಂಬುವುದು ಅಂತ ಮೊದಲೇ ತೀರ್ಮಾನ ಆಗಿತ್ತು. ನನಗಿಂತ ಮೊದಲು ಯಾರಾದರೂ ಬಿಗಿ ಆಡಿಟರ್ ತೇವಪ್ಪನನ್ನು ಕಂಡಿದ್ದರೆ ನಮ್ಮ ಗುಮಾಸ್ತರ ಗತಿ ಏನಾಗುತ್ತಿತ್ತು, ಹೇಳಿ. ನನಗೂ ಮೊದಲು ಹೊಳೆದದ್ದು ಕಳ್ಳತನವೇ ಅಲ್ವಾ?

ಗ್ರಾಹಕರನ್ನು ಕೇಳಬೇಕು ಅನ್ನುವಲ್ಲಿ ಒಂದು ತೊಡಕಿದೆ. ಗ್ರಾಹಕ ಅಂದರೆ ಯಾರು? ನಮ್ಮ ಸಾಫ್ಟ್‌ವೇರ್‌ಗೆ ಚೆಕ್ ಬರೆದದ್ದು ಆಡಳಿತ ಮಂಡಳಿ. ಅವರು ಕೇಳಿದ್ದು ದೊಡ್ಡ ಪರದೆಯಲ್ಲಿ ಬಣ್ಣದ ಗ್ರಾಫು. ಅದನ್ನು ಚೆನ್ನಾಗಿಯೇ ಮಾಡಿಕೊಟ್ಟಿದ್ದೆವು. ದಿನಕ್ಕೆ ನೂರಾರು ಎಂಟ್ರಿ ಮಾಡುವ ಗುಮಾಸ್ತರಿಗೆ ಬೇಕಿದ್ದದ್ದು ಮೌಸ್ ಮುಟ್ಟದೆ ಎಂಟರ್ ಒತ್ತಿಕೊಂಡೇ ಮುಂದೆ ಹೋಗುವುದು. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಕೊಳ್ಳುವವರು ಬೇರೆ, ಬಳಸುವವರು ಬೇರೆ. ಸರ್ಕಾರಿ ಕೆಲಸಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ಟೆಂಡರ್ ದಾಖಲೆಯಲ್ಲಿ ಇದ್ದದ್ದೆಲ್ಲ ಇದೆಯೇ ಅಂತ ನೋಡಿ ಬಿಲ್ ಪಾಸ್ ಮಾಡುತ್ತಾರೆ. ಆ ದಾಖಲೆ ಬರೆಯುವಾಗ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಒಂದು ಬೆಳಗ್ಗೆ ನಿಂತು ನೋಡಿದವರು ಎಷ್ಟು ಜನ ಇರಬಹುದು?

"ಸರ್ವರ್ ಇಲ್ಲ, ನಾಳೆ ಬನ್ನಿ" ಅನ್ನುವ ಮಾತು ಈಗ ಮಲೆನಾಡಿನ ಆಡುಮಾತಿಗೇ ಸೇರಿಹೋಗಿದೆ. ಬಹಳ ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ, ಇಲ್ಲದೇ ಇರುವುದು ನೆಟ್‌ವರ್ಕ್. ಆಷಾಢದಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಟವರ್‌ನ ಬ್ಯಾಟರಿಯೂ ಸ್ವಲ್ಪ ಹೊತ್ತಿಗೆ ಮಲಗುತ್ತದೆ. ಇದು ಪ್ರತಿವರ್ಷದ ಪಾಡು. ಆದರೂ ಫೋನಿನ ಆ್ಯಪ್‌ಗಳು ಇಪ್ಪತ್ತನಾಲ್ಕು ಗಂಟೆ ಸಿಗ್ನಲ್ ಇರುತ್ತದೆ ಎಂಬ ಧೈರ್ಯದಲ್ಲಿ ಹುಟ್ಟಿರುತ್ತವೆ. ನಮ್ಮ ಮನೆಯಲ್ಲೇ ನೋಡಿ. ಫಾರಂ ತುಂಬಲು ಬೇಕಾದ ಕಾಗದಪತ್ರ ಎಲ್ಲ ಮನೆಯೊಳಗೆ. ಒಟಿಪಿ ಬರುವುದು ಮನೆ ಹಿಂದಿನ ಗುಡ್ಡದ ಮೇಲೆ. ಅಮ್ಮ ಹತ್ತಿ ಇಳಿಯುವಷ್ಟರಲ್ಲಿ ಒಟಿಪಿಯ ಸಮಯ ಮುಗಿದು, ತುಂಬಿದ್ದೂ ಅಳಿಸಿ ಹೋಗಿರುತ್ತದೆ. ತುಂಬಿದ್ದನ್ನು ಫೋನಿನಲ್ಲೇ ಉಳಿಸಿಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಕಳಿಸುವುದು ದೊಡ್ಡ ವಿದ್ಯೆಯಲ್ಲ. ಬೇಕು ಅಂತ ಯಾರಿಗಾದರೂ ಅನ್ನಿಸಬೇಕು ಅಷ್ಟೆ. ಗಟ್ಟಿ ವೈಫೈ ಇರುವ ಆಫೀಸಿನಲ್ಲಿ ಕೂತವರಿಗೆ ಹೇಗೆ ಅನ್ನಿಸಬೇಕು?

ಸರ್ಕಾರದ ಕೆಲಸ ಎಲ್ಲ ಹೀಗೇ ಅಂತ ಹೇಳಿದರೆ ತಪ್ಪಾಗುತ್ತದೆ. 2000ರ ಆಸುಪಾಸಿನಲ್ಲಿ ಕರ್ನಾಟಕ ಶುರು ಮಾಡಿದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅದರ ಸಾಧನೆ, ಕೊರತೆ ಎರಡರ ಬಗ್ಗೆಯೂ ಬೇಕಾದಷ್ಟು ಚರ್ಚೆ ಆಗಿದೆ. ನನಗೆ ಇಷ್ಟವಾದದ್ದು ಅದರ ಒಂದು ಸಣ್ಣ ಏರ್ಪಾಡು. ತಾಲ್ಲೂಕು ಕಚೇರಿಯ ಕೌಂಟರ್‌ನಲ್ಲಿ ಎರಡು ಪರದೆ. ಒಂದು ನೌಕರರ ಕಡೆಗೆ, ಇನ್ನೊಂದು ರೈತರ ಕಡೆಗೆ ಮುಖ ಮಾಡಿದ್ದು. ತನ್ನ ದಾಖಲೆಯಲ್ಲಿ ಏನಿದೆ, ಏನು ಮಾಡುತ್ತಿದ್ದಾರೆ ಅನ್ನುವುದು ಎದುರಿಗೇ ಕಂಡರೆ, "ಸ್ವಾಮೀ, ಅದು ಶಿವಪ್ಪ ಅಲ್ಲ, ಶಿವಣ್ಣ" ಅಂತ ಅಲ್ಲೇ ಹೇಳಬಹುದು. ತಪ್ಪು ಹುಟ್ಟಿದ ಜಾಗದಲ್ಲೇ ಹಿಡಿಯುವ ವ್ಯವಸ್ಥೆ, ಒಂದು ಪರದೆಯ ಖರ್ಚಿನಲ್ಲಿ.

ಹಾಗಂತ ಗ್ರಾಹಕರ ಜೊತೆ ಕೂತು ಕಾಫಿ ಕುಡಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಬರೆದದ್ದನ್ನು ಜನರ ಕೈಗೆ ಹೇಗೆ ದಾಟಿಸುತ್ತೇವೆ ಅನ್ನುವುದು ಅಷ್ಟೇ ಮುಖ್ಯ. 2024ರ ಜುಲೈ 19ರಂದು ಭಾರತದಲ್ಲಿ ಬೆಳಿಗ್ಗೆ ಒಂಬತ್ತೂ ಮುಕ್ಕಾಲರ ಹೊತ್ತಿಗೆ ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ಭದ್ರತಾ ಸಾಫ್ಟ್‌ವೇರ್‌ಗೆ ಒಂದು ಸಣ್ಣ ಅಪ್‌ಡೇಟ್ ಕಳಿಸಿತು. 78 ನಿಮಿಷದಲ್ಲಿ ಅದನ್ನು ವಾಪಸ್ ತೆಗೆದುಕೊಂಡಿತು. ಆದರೆ ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಬಿದ್ದಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಕಾರಣ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಕಂಪ್ಯೂಟರಿನಲ್ಲಿದ್ದ ಸಾಫ್ಟ್‌ವೇರ್ 20 ಮಾಹಿತಿ ಒದಗಿಸುತ್ತಿತ್ತು, ಹೊಸ ಕಡತ 21ನೆಯದನ್ನೂ ಕೇಳಿತು. ಇಲ್ಲದ ಜಾಗಕ್ಕೆ ಕೈ ಹಾಕಿ ಬಿತ್ತು. ಅದಕ್ಕೂ ಮೊದಲು ಟೆಸ್ಟ್‌ಗಳು ಪಾಸಾಗಿದ್ದವು. ಆ 21ನೆಯದರಲ್ಲಿ ಏನಿದ್ದರೂ ನಡೆಯುತ್ತದೆ ಅಂತ ಬಿಟ್ಟೇ ಆ ಟೆಸ್ಟ್‌ಗಳನ್ನು ನಡೆಸಿದ್ದರು.

ತಪ್ಪು ಯಾರಿಗೂ ಆಗಬಹುದು. ಅದನ್ನು ಲೋಕಕ್ಕೆಲ್ಲ ಒಂದೇ ಏಟಿಗೆ ಕಳಿಸಿದ್ದು ಮಾತ್ರ ನನಗೆ ಅರ್ಥವಾಗದ ವಿಷಯ. ಹೊಸ ಗೊಬ್ಬರ ಬಂತು ಅಂದರೆ ನಮ್ಮೂರಿನಲ್ಲಿ ಯಾರೂ ಇಡೀ ತೋಟಕ್ಕೆ ಸುರಿಯುವುದಿಲ್ಲ. ಒಂದು ಬಣ್ಣಕ್ಕೆ, ಅಂದರೆ ತೋಟದ ಒಂದು ಪಟ್ಟೆಗೆ, ಹಾಕಿ ಒಂದು ವರ್ಷ ನೋಡುತ್ತಾರೆ. ಸಾಫ್ಟ್‌ವೇರ್‌ಗೆ ವರ್ಷ ಬೇಡ, ಒಂದು ಗಂಟೆ ಸಾಕಿತ್ತು. ಮೊದಲು ನೂರು ಕಂಪ್ಯೂಟರ್, ಆಮೇಲೆ ಸಾವಿರ, ಆಮೇಲೆ ಉಳಿದವರು. ಈ ಘಟನೆಯ ನಂತರ ಆ ಕಂಪನಿಯೂ ಇದೇ ಹಂತ ಹಂತದ ದಾರಿ ಹಿಡಿಯುವುದಾಗಿ ಹೇಳಿತು.

ಈಗ ಇದಕ್ಕೆಲ್ಲ ಎಐ ಬಂದು ಸೇರಿದೆ. ಕೋಡ್ ಬರೆಯುವ ವೇಗ ಸಿಕ್ಕಾಪಟ್ಟೆ ಏರಿದೆ, ನಾನೂ ದಿನಾ ಬಳಸುತ್ತೇನೆ. ಸುಮ್ನೆ ಕುತೂಹಲಕ್ಕೆ ಮೊನ್ನೆ ಒಂದಕ್ಕೆ ಅಡಿಕೆ ದಾಸ್ತಾನಿನ ಸಾಫ್ಟ್‌ವೇರ್ ಬರೆದುಕೊಡು ಅಂದೆ. ಹತ್ತು ನಿಮಿಷದಲ್ಲಿ ಚೊಕ್ಕವಾಗಿ ಬರೆಯಿತು. ನಾವು ಎಂಟು ತಿಂಗಳು ಮಾಡಿದ್ದಕ್ಕಿಂತ ಅಚ್ಚುಕಟ್ಟು. ಅದರಲ್ಲಿ ಒಂದು ನಿಯಮ ಇತ್ತು: ಮಾರಾಟ ದಾಸ್ತಾನನ್ನು ಮೀರುವಂತಿಲ್ಲ. ಅದನ್ನು ಪರೀಕ್ಷಿಸುವ ಟೆಸ್ಟ್‌ಗಳನ್ನೂ ತಾನೇ ಬರೆದಿತ್ತು. ಎಲ್ಲ ಪಾಸು. ಮಳೆಗಾಲ ಅದಕ್ಕೂ ಗೊತ್ತಿಲ್ಲ, ನಾನು ಹೇಳಿದರೆ ಗೊತ್ತಾಗುತ್ತದೆ. ನನಗೆ ಗೊತ್ತಾಗಿದ್ದು ಗುಮಾಸ್ತರ ಪಕ್ಕದಲ್ಲಿ ಕೂತಾಗ. ಬರೆಯುವ ಕೆಲಸ ಅಗ್ಗವಾದಷ್ಟೂ ಏನು ಬರೆಯಬೇಕು ಅಂತ ತಿಳಿದುಕೊಳ್ಳುವ ಕೆಲಸ ದುಬಾರಿಯಾಗುತ್ತಿದೆ. ಕಂಪನಿಗಳು ಉಳಿಸಲು ನೋಡುತ್ತಿರುವುದು ಅದರ ಖರ್ಚನ್ನೇ.

ಕೊರೊನಾ ಕಾಲದಲ್ಲಿ ಊರಿಗೆ ಬಂದ ಎಷ್ಟೋ ಹುಡುಗ ಹುಡುಗಿಯರು ತೀರ್ಥಹಳ್ಳಿ, ಸಾಗರ, ಹೊಸನಗರದ ಮನೆಗಳಿಂದಲೇ ಕೆಲಸ ಮಾಡುವುದನ್ನು ಕಲಿತರು. ಸಿಗ್ನಲ್ ಸಿಗದ ಜಾಗದಲ್ಲಿ ಬದುಕುವವರೇ ಆ್ಯಪ್ ಬರೆಯುವವರಾದರೆ ಅದರಷ್ಟು ಒಳ್ಳೆಯದು ಇನ್ನೇನಿದೆ? ಆದರೆ ಅವರಲ್ಲಿ ಹೆಚ್ಚಿನವರು ಬರೆಯುವುದು ಕಡಲಾಚೆಯ ಬ್ಯಾಂಕು, ವಿಮೆ ಕಂಪನಿಗಳಿಗೆ. ಪಕ್ಕದ ಸೊಸೈಟಿಯ ಗುಮಾಸ್ತರ ಕಷ್ಟ ಅವರ ಟಿಕೆಟ್‌ಗಳಲ್ಲಿ ಬರುವುದಿಲ್ಲ.

ನಮ್ಮ ತಂಡ ಆಮೇಲೆ ಬದಲಾಯಿಸಿಕೊಂಡದ್ದು ದೊಡ್ಡದೇನಲ್ಲ. ಕೋಡ್ ಬರೆಯುವ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಒಂದು ದಿನ ಬಳಸುವವರ ಪಕ್ಕ ಸುಮ್ಮನೆ ಕೂರಬೇಕು. ಮಾತಾಡಬಾರದು, ಕಲಿಸಬಾರದು, ನೋಡಬೇಕು. ಇದು ಕಷ್ಟ. ಅವರು ತಪ್ಪು ಜಾಗದಲ್ಲಿ ಬಟನ್ ಹುಡುಕುವಾಗ ನಮ್ಮ ಕೈ ತುರಿಸುತ್ತದೆ. ಮಾನಿಟರ್‌ಗೆ ಅಂಟಿಸಿದ ಚೀಟಿಗಳನ್ನು, ಪಕ್ಕದಲ್ಲಿ ಇಟ್ಟುಕೊಂಡ ಖಾತಾ ಪುಸ್ತಕವನ್ನು ಗಮನಿಸಬೇಕು. ಸಾಫ್ಟ್‌ವೇರ್ ಇದ್ದೂ ಪುಸ್ತಕ ಬರೆಯುತ್ತಿದ್ದಾರೆ ಅಂದರೆ ಅಲ್ಲಿ ನಮ್ಮದೊಂದು ತಪ್ಪಿದೆ. ದೂರು ಬಂದರೆ ಮೊದಲು ಆ ದೂರನ್ನೇ ಒಂದು ಟೆಸ್ಟ್ ಆಗಿ ಬರೆದು, ಅದು ಫೇಲ್ ಆಗುವುದನ್ನು ನೋಡಿ, ಆಮೇಲೆ ತಿದ್ದುತ್ತೇವೆ. ಬದಲಾವಣೆ ಮೊದಲು ಒಂದೇ ಒಂದು ಸೊಸೈಟಿಗೆ ಹೋಗುತ್ತದೆ. ಮಾರ್ಚ್ ಕೊನೆಯ ವಾರ, ವರ್ಷದ ಲೆಕ್ಕ ಮುಗಿಸುವ ಹೊತ್ತಿನಲ್ಲಿ, ಏನನ್ನೂ ಮುಟ್ಟುವುದಿಲ್ಲ. "ವರ್ಕಿಂಗ್ ಆಸ್ ಡಿಸೈನ್ಡ್" ಎಂಬ ಉತ್ತರ ಬರೆಯುವ ಮೊದಲು ದೂರು ಕೊಟ್ಟವರಿಗೆ ಫೋನ್ ಮಾಡಲೇಬೇಕು. ಇದಕ್ಕೆಲ್ಲ ಮೊದಮೊದಲು ಸಮಯ ಜಾಸ್ತಿ ಹಿಡಿಯಿತು, ಮ್ಯಾನೇಜರ್ ಗೊಣಗಿದರು. ಈಗಲೂ ಗೊಣಗುತ್ತಾರೆ.

ಮಳೆಗಾಲವನ್ನು ಸಾಫ್ಟ್‌ವೇರ್‌ಗೆ ಕಲಿಸಲು ಬೇಕಾದದ್ದು ಒಂದು ಮಧ್ಯಾಹ್ನ. ತೂಕ ವ್ಯತ್ಯಾಸ ಅಂತ ಒಂದು ಕಾಲಂ. ವ್ಯತ್ಯಾಸ ಮಿತಿ ಮೀರಿದರೆ ಮಾತ್ರ ಮ್ಯಾನೇಜರ್ ಒಪ್ಪಿಗೆ. ಮೊದಲ ಸಲ ಕೆಂಪು ಅಕ್ಷರ ಇಲ್ಲದೆ ಪಟ್ಟಿ ಪ್ರಿಂಟ್ ಆದಾಗ ಗುಮಾಸ್ತರು ಏನೂ ಹೇಳಲಿಲ್ಲ. ಹರಿದು ಬೆಳೆಗಾರರ ಕೈಗೆ ಕೊಟ್ಟು ಮುಂದಿನವರನ್ನು ಕರೆದರು.

ತೇವಪ್ಪನನ್ನು ಮಾತ್ರ ಅಳಿಸಲು ಆಗಲಿಲ್ಲ. ವಹಿವಾಟು ಇರುವ ಸದಸ್ಯರನ್ನು ಪಟ್ಟಿಯಿಂದ ತೆಗೆಯುವಂತಿಲ್ಲ ಎಂಬ ಇನ್ನೊಂದು ನಿಯಮವನ್ನೂ ನಾವೇ ಬರೆದಿದ್ದೆವು. ಅದು ಸರಿಯಾದ ನಿಯಮವೇ. ಹಾಗಾಗಿ ಪ್ರತಿವರ್ಷ ಸರ್ವಸದಸ್ಯರ ಸಭೆಯ ಕಾಗದ ಅವನ ಹೆಸರಿಗೂ ಒಂದು ಪ್ರಿಂಟ್ ಆಗುತ್ತದೆ. ಗುಮಾಸ್ತರು ಅದನ್ನು ಹರಿದು ಬಿಸಾಡುವುದಿಲ್ಲ, ಮಡಚಿ ಮೇಜಿನ ಡ್ರಾಯರ್‌ನಲ್ಲಿ ಇಟ್ಟುಕೊಳ್ಳುತ್ತಾರೆ.